ಅಟಾರ್ನಿ ಜನರಲ್ ಕಚೇರಿಗೆ ಹೇಳಿದ ಹೆಸರು

ನನ್ನ ಕೆಲಸ ಏನೆಂದು ಅಮ್ಮನಿಗೆ ಸರಿಯಾಗಿ ವಿವರಿಸಲು ನನಗೆ ಇವತ್ತಿಗೂ ಬಂದಿಲ್ಲ. "ಅಮೆರಿಕಾದ ಕಾನೂನು ನೋಡ್ಕೊಳ್ಳೋಕೆ ಜಪಾನಿಗೆ ಯಾಕೆ ಹೋಗ್ಬೇಕಿತ್ತೇ? ಮೈಸೂರಲ್ಲೇ ಕೂತು ನೋಡಬಹುದಿತ್ತಲ್ಲ" ಎಂದು ಪ್ರತಿ ಭಾನುವಾರ ಫೋನಿನಲ್ಲಿ ಕೇಳುತ್ತಾಳೆ. ಪ್ರಶ್ನೆ ನ್ಯಾಯವಾದದ್ದೇ. ನಾನು ಕೆಲಸ ಮಾಡುವುದು ಟೋಕಿಯೋದ ಕೋಟೋ ವಾರ್ಡಿನ ಒಂದು ಮಧ್ಯಮ ಗಾತ್ರದ ಕಂಪನಿಯಲ್ಲಿ. ಮಕ್ಕಳಿಗೆ ಆಟವಾಡಿಸುತ್ತಾ ಗಣಿತ ಕಲಿಸುವ ಆ್ಯಪ್ ನಮ್ಮದು. ಅದರ ದೊಡ್ಡ ಗಿರಾಕಿಗಳೆಲ್ಲ ಅಮೆರಿಕದ ಅಪ್ಪ ಅಮ್ಮಂದಿರು. ಹಾಗಾಗಿ ಅಲ್ಲಿಯ ಕಾನೂನು ಇಲ್ಲಿ ಕೂತವರಿಗೂ ಬಿಸಿ ಮುಟ್ಟಿಸುತ್ತದೆ.

ಅಮೆರಿಕದ ಪ್ರತಿಯೊಂದು ರಾಜ್ಯಕ್ಕೂ ಒಬ್ಬ ಅಟಾರ್ನಿ ಜನರಲ್ ಇರುತ್ತಾರೆ. ನಮ್ಮಲ್ಲಿ ಸರ್ಕಾರದ ಪರವಾಗಿ ಹೈಕೋರ್ಟಿನಲ್ಲಿ ನಿಲ್ಲುವ ಅಡ್ವೊಕೇಟ್ ಜನರಲ್ ಇದ್ದ ಹಾಗೆ ಎಂದರೆ ಅರ್ಧ ಸರಿ. ಉಳಿದರ್ಧ ಏನೆಂದರೆ, ಬಹುತೇಕ ರಾಜ್ಯಗಳಲ್ಲಿ ಅವರನ್ನು ಜನರೇ ವೋಟು ಹಾಕಿ ಆರಿಸುತ್ತಾರೆ. ತಮ್ಮ ರಾಜ್ಯದ ಗ್ರಾಹಕರಿಗೆ ಮೋಸವಾಗುತ್ತಿದೆ ಅನ್ನಿಸಿದರೆ ಅವರು ಯಾವ ದೇಶದ ಕಂಪನಿಯ ಬಾಗಿಲನ್ನಾದರೂ ತಟ್ಟಬಹುದು. ವಾಷಿಂಗ್ಟನ್ನಿನ ಕೇಂದ್ರ ಸರ್ಕಾರ ಸ್ವಲ್ಪ ಮಂಕಾದರೆ ಈ ರಾಜ್ಯಗಳು ಎದ್ದು ಕೂರುತ್ತವೆ. ಒಂದಷ್ಟು ದಿನ ಮಕ್ಕಳ ಮಾಹಿತಿಯನ್ನು ಕದ್ದು ಮಾರುವವರ ಮೇಲೆ ಕಣ್ಣು, ಇನ್ನೊಂದಷ್ಟು ದಿನ ಬಿಲ್ಲಿನ ಮೂಲೆಯಲ್ಲಿ ಅಡಗಿಸಿದ ಶುಲ್ಕದ ಮೇಲೆ, ಈಚೆಗೆ ಸೇರುವಾಗ ಒಂದೇ ಬಟನ್, ಬಿಡುವಾಗ ಚಕ್ರವ್ಯೂಹ ಎಂಬಂಥ ಚಂದಾಗಳ ಮೇಲೆ. ಒಂದು ರಾಜ್ಯ ಕೇಳಿದ್ದನ್ನು ನೋಡಿ ಅಕ್ಕಪಕ್ಕದ ರಾಜ್ಯಗಳು ಗುಂಪು ಕಟ್ಟಿಕೊಂಡು ಕೇಳಲು ಬರುತ್ತವೆ. ಈ ಗಾಳಿ ಯಾವ ಕಡೆ ಬೀಸುತ್ತಿದೆ, ಅದರಿಂದ ನಮ್ಮ ಕಂಪನಿಗೆ ಅಪಾಯವೆಷ್ಟು ಎಂದು ತಿಂಗಳಿಗೊಂದು ವರದಿ ಬರೆಯುವುದು ನನ್ನ ಕೆಲಸ.

ವರದಿಯ ಜೊತೆ ಅಮೆರಿಕದ ನಕ್ಷೆ ಇಟ್ಟು ಕೆಂಪು, ಹಳದಿ, ಹಸಿರು ಬಣ್ಣ ಬಳಿಯುತ್ತಿದ್ದೆ. ಸಭೆಯಲ್ಲಿ ಎಲ್ಲರೂ ತಲೆಯಾಡಿಸುತ್ತಿದ್ದರು. ಮೊದಲ ವರ್ಷ ಅದನ್ನು ನಂಬಿ ಬೀಗಿದ್ದೆ. ಇಲ್ಲಿ ತಲೆಯಾಡಿಸಿದರೆ ಕೇಳಿಸಿಕೊಂಡೆವು ಎಂದಷ್ಟೇ, ಒಪ್ಪಿದೆವು ಎಂದಲ್ಲ ಎನ್ನುವುದು ಆಮೇಲೆ ತಿಳಿಯಿತು. ವರದಿಯನ್ನು ನಿಜವಾಗಿ ಓದುತ್ತಿದ್ದವರು ಒಬ್ಬರೇ, ನಮ್ಮ ಕಾಚೋ. ಕಾಚೋ ಎಂದರೆ ವಿಭಾಗದ ಮುಖ್ಯಸ್ಥ. ಇಲ್ಲಿ ಅಂಥವರನ್ನು ಹೆಸರು ಹಿಡಿಯದೆ ಹುದ್ದೆಯಿಂದಲೇ ಕರೆಯುವುದು ರೂಢಿ. ಅಂಚಿನಲ್ಲಿ ಪೆನ್ಸಿಲಿನಿಂದ ಪ್ರಶ್ನೆ ಬರೆದು ನನ್ನ ಮೇಜಿನ ಮೇಲೆ ತಂದಿಡುತ್ತಿದ್ದರು. "ತಾನಾಗಿ ಮೊದಲೇ ತಪ್ಪು ಹೇಳಿಕೊಂಡ ಕಂಪನಿಗೆ ರಿಯಾಯಿತಿ ಸಿಗತ್ತೆ ಅಂತ ಬರ್ದಿದೀರಿ. ಎಷ್ಟು ಮೊದಲು?" ಎಂಬಂಥ ಪ್ರಶ್ನೆಗಳು. ನನ್ನ ಕೆಲಸಕ್ಕೆ ಅವರು ಕೊಟ್ಟಷ್ಟು ಮರ್ಯಾದೆಯನ್ನು ನಾನೇ ಕೊಟ್ಟಿರಲಿಲ್ಲ.

ನಾನು ಹೇಳಹೊರಟ ಚಳಿಗಾಲ ಮುಗಿಯುವ ಮಾರ್ಚಿಗೆ ಅವರಿಗೆ ಅರವತ್ತು ತುಂಬಿ ನಿವೃತ್ತಿ. ಆದರೆ ಇಲ್ಲಿ ನಿವೃತ್ತರಾದವರನ್ನು ಕಡಿಮೆ ಸಂಬಳಕ್ಕೆ ಅದೇ ಕಂಪನಿ ಮತ್ತೆ ಸೇರಿಸಿಕೊಳ್ಳುವ ಪದ್ಧತಿಯಿದೆ. ಅವರೂ ಅದಕ್ಕೆ ಅರ್ಜಿ ಹಾಕಿದ್ದರು. ಟೋಕಿಯೋ ಪಕ್ಕದ ವಾಕೋ ಎಂಬ ಊರಿನಲ್ಲಿ ಅವರ ಮನೆ, ಗಂಡ ಹೆಂಡತಿ ಇಬ್ಬರೇ. "ಮನೇಲಿ ಕೂತ್ರೆ ಹೆಂಡತಿ ಪೊರಕೆ ತಗೊಂಡು ಓಡಿಸ್ತಾಳೆ. ನಂಗೆ ಇನ್ನೂ ಐದು ವರ್ಷ ಈ ಕುರ್ಚಿ ಬೇಕು" ಎಂದು ನಗುತ್ತಾ ಹೇಳುತ್ತಿದ್ದರು.

ನನ್ನ ಕುರ್ಚಿಯ ಕಥೆ ಬೇರೆ. ನಾನು ಗುತ್ತಿಗೆಯ ಉದ್ಯೋಗಿ; ಪ್ರತಿ ಮಾರ್ಚಿನಲ್ಲಿ ಗುತ್ತಿಗೆ ನವೀಕರಣವಾಗಬೇಕು. ನಮ್ಮೆಜಮಾನರು ಬೆಂಗಳೂರಿನ ಐಟಿ ಕೆಲಸ ಬಿಟ್ಟು ನನ್ನ ಹಿಂದೆ ಬಂದವರು. ಫುನಾಬೊರಿಯ ಎರಡು ಕೋಣೆಯ ಫ್ಲಾಟಿನಲ್ಲಿ ಅಡುಗೆ, ಮಗಳ ಶಾಲೆ, ಜಪಾನಿ ಭಾಷೆಯ ತರಗತಿ ಎಂದು ಸುಖವಾಗಿದ್ದರು. ಮಗಳು ಇಲ್ಲಿಯ ಸರ್ಕಾರಿ ಶಾಲೆಯಲ್ಲಿ ಎರಡನೇ ತರಗತಿ. ಮೂವರೂ ಈ ದೇಶದಲ್ಲಿರುವುದು ನನ್ನ ಉದ್ಯೋಗದ ವೀಸಾದ ಮೇಲೆ, ಆ ವೀಸಾದ ಅವಧಿಯೂ ಅದೇ ವಸಂತಕ್ಕೆ ಮುಗಿಯುವುದರಲ್ಲಿತ್ತು. ಗುತ್ತಿಗೆ ಹೋದರೆ ಮೂವರೂ ಗಂಟುಮೂಟೆ ಕಟ್ಟಬೇಕು. ಇದನ್ನು ನಾನು ಕಚೇರಿಯಲ್ಲಿ ಯಾರ ಬಳಿಯೂ ಆಡಿದವಳಲ್ಲ.

ಅದಕ್ಕೆ ಮುಂಚಿನ ನವೆಂಬರ್ ಮುಗಿಯುವ ಹೊತ್ತಿಗೆ ಅಮೆರಿಕದ ಒಂದು ರಾಜ್ಯದ ಅಟಾರ್ನಿ ಜನರಲ್ ಕಚೇರಿಯಿಂದ ನೋಟಿಸು ಬಂತು. ಉಚಿತ ಪ್ರಯೋಗದ ವಾರ ಮುಗಿದ ಮೇಲೆ ನಿಮ್ಮ ಆ್ಯಪ್ ಹೇಳದೆ ಕೇಳದೆ ಕಾರ್ಡಿನಿಂದ ಹಣ ಎಳೆಯುತ್ತದೆ, ರದ್ದು ಮಾಡಲು ಹೋದರೆ ದಾರಿ ಸಿಗುವುದಿಲ್ಲ ಎಂದು ಪೋಷಕರು ದೂರಿದ್ದಾರೆ. ಇದರ ಬಗ್ಗೆ ನಿಮಗೆ ಏನು ಗೊತ್ತಿತ್ತು, ಯಾವಾಗ ಗೊತ್ತಾಯಿತು, ಎಲ್ಲ ದಾಖಲೆ ಕೊಡಿ ಎಂದು ಅದರ ಸಾರಾಂಶ. ನನ್ನ ನಕ್ಷೆಯಲ್ಲಿ ಆ ರಾಜ್ಯಕ್ಕೆ ನಾನು ಬಳಿದಿದ್ದ ಬಣ್ಣ ಕೆಂಪೇ. ಖುಷಿಪಡುವ ಸಂದರ್ಭ ಅದಾಗಿರಲಿಲ್ಲವಾದರೂ ಒಂದು ಗಳಿಗೆ ಮನಸ್ಸಿನಲ್ಲೇ ಬೆನ್ನು ತಟ್ಟಿಕೊಂಡೆ.

ನಮ್ಮ ಅಮೆರಿಕದ ವಕೀಲರು ವಿಡಿಯೋ ಕರೆಯಲ್ಲಿ ಮೊದಲು ಹೇಳಿದ್ದು ಒಂದೇ ಮಾತು: ಯಾವ ಕಾಗದವನ್ನೂ ಎಸೆಯಬೇಡಿ, ಯಾವ ಮೇಲನ್ನೂ ಅಳಿಸಬೇಡಿ. ತಪ್ಪು ಮಾಡಿದ ಕಂಪನಿಯನ್ನು ಈ ಕಚೇರಿಗಳು ಒಂದು ರೀತಿ ನೋಡುತ್ತವೆ, ನೋಟಿಸು ಬಂದ ಮೇಲೆ ಕಾಗದ ಕಾಣೆಯಾದ ಕಂಪನಿಯನ್ನು ಬೇರೆಯೇ ರೀತಿ ನೋಡುತ್ತವೆ. ಹಾಗಾಗಿ ನಾನು ಎಲ್ಲ ಸಿಬ್ಬಂದಿಗೂ ಒಂದು ಸೂಚನೆ ಬರೆದೆ. ಆ್ಯಪಿಗೆ ಸಂಬಂಧಪಟ್ಟ ಕಾಗದ, ಮೇಲ್, ಚೀಟಿ, ಏನನ್ನೂ ಮುಂದಿನ ಸೂಚನೆಯವರೆಗೆ ವಿಲೇವಾರಿ ಮಾಡಬಾರದು ಎಂದು. ನನ್ನ ಜಪಾನಿ ಭಾಷೆಯನ್ನು ಕಾಚೋ ಕೂತು ಸಾಲು ಸಾಲಾಗಿ ತಿದ್ದಿದರು. ಸೂಚನೆ ಹೋದ ಅರ್ಧ ದಿನದಲ್ಲಿ ಓದಿದ್ದೇವೆ, ತಿಳಿಯಿತು ಎಂದು ಎಲ್ಲರಿಂದ ಉತ್ತರ ಬಂತು. ಇಷ್ಟು ಶಿಸ್ತಿನ ಜನ ಬೇರೆಲ್ಲಿ ಸಿಗುತ್ತಾರೆ ಎಂದುಕೊಂಡು ನಿಶ್ಚಿಂತಳಾದೆ.

ಡಿಸೆಂಬರ್ ಕೊನೆಯ ವಾರ ನನಗೆ ಇನ್‌ಫ್ಲುಯೆಂಜಾ ಬಡಿಯಿತು. ಇಲ್ಲಿ ಆ ಹೆಸರು ಹೇಳಿದರೆ ಸಾಕು, ಕಚೇರಿಯವರು ದಯವಿಟ್ಟು ಬರಬೇಡಿ ಎಂದು ಕೈಮುಗಿಯುತ್ತಾರೆ. ನಮ್ಮೆಜಮಾನರು ಗಂಜಿ ಮಾಡಿ ಬಾಗಿಲ ಬಳಿ ಇಟ್ಟು ಓಡುತ್ತಿದ್ದರು. ನಾನು ಮುಸುಕು ಹೊದ್ದು ಮಲಗಿದ್ದಾಗ ಕಚೇರಿಯಲ್ಲಿ ಓಸೋಜಿ ನಡೆಯಿತು.

ಓಸೋಜಿ ಎಂದರೆ ವರ್ಷದ ಕೊನೆಯ ದೊಡ್ಡ ಗುಡಿಸಾಟ. ಮನೆ, ಶಾಲೆ, ಕಚೇರಿ, ಯಾವುದಕ್ಕೂ ವಿನಾಯಿತಿಯಿಲ್ಲ. ಹಳೆಯ ವರ್ಷದ ಕೊಳೆಯನ್ನು ಹೊಸ ವರ್ಷಕ್ಕೆ ಹೊತ್ತೊಯ್ಯಬಾರದು ಎಂದು ಕೊನೆಯ ಕೆಲಸದ ದಿನ ಎಲ್ಲರೂ ತಲೆಗೆ ಟವೆಲ್ ಕಟ್ಟಿಕೊಂಡು ಇಳಿಯುತ್ತಾರೆ. ನಮ್ಮ ಆಯುಧಪೂಜೆಯ ಹಿಂದಿನ ದಿನದ ಗಡಿಬಿಡಿ ನೆನಪಾಗುವುದರಿಂದ ನನಗೆ ಅದು ಪ್ರಿಯವಾದ ದಿನ. ಡ್ರಾಯರುಗಳು ಖಾಲಿಯಾಗುತ್ತವೆ, ಕಿಟಕಿಗಳು ಹೊಳೆಯುತ್ತವೆ, ಬೇಡದ ಕಾಗದಗಳು ರಟ್ಟಿನ ಪೆಟ್ಟಿಗೆ ಸೇರುತ್ತವೆ. ಆ ಪೆಟ್ಟಿಗೆಗಳಿಗೆ ಮೊಹರು ಹಾಕಿ ಕಾಗದದ ಕಾರ್ಖಾನೆಗೆ ಕಳಿಸುತ್ತಾರೆ. ಅಲ್ಲಿ ಅವನ್ನು ತೆರೆಯದೆ, ಯಾರೂ ಓದದೆ, ಹಾಗೆಯೇ ನೀರಿನಲ್ಲಿ ಕರಗಿಸುತ್ತಾರೆ. ಗುಟ್ಟು ಕಾಪಾಡಲು ಅದಕ್ಕಿಂತ ಒಳ್ಳೆಯ ಉಪಾಯವಿಲ್ಲ.

ಹೊಸ ವರ್ಷದ ರಜೆ ಮುಗಿಸಿ ಕಚೇರಿಗೆ ಕಾಲಿಟ್ಟಾಗ ನೆಲದಲ್ಲಿ ಮುಖ ಕಾಣುತ್ತಿತ್ತು. ಗ್ರಾಹಕ ಸೇವೆಯವರ ಕಡೆ ತಿರುಗಿದೆ. ಅಲ್ಲಿ ಗೋಡೆಯ ಮೇಲೆ ಒಂದು ದೊಡ್ಡ ಫಲಕವಿತ್ತು. ಅಮೆರಿಕದ ಪೋಷಕರು ಕಳಿಸಿದ ದೂರುಗಳನ್ನು ಅಚ್ಚು ಹಾಕಿ, ಪಕ್ಕದಲ್ಲಿ ಪೆನ್ಸಿಲಿನಿಂದ ಜಪಾನಿಯಲ್ಲಿ ಟಿಪ್ಪಣಿ ಬರೆದು ಅದಕ್ಕೆ ಚುಚ್ಚುತ್ತಿದ್ದರು. ತುಂಬಿದಾಗ ತೆಗೆದು ಕೆಳಗಿನ ಕಪಾಟಿನಲ್ಲಿ ಕಟ್ಟಿಡುತ್ತಿದ್ದರು. ಈಗ ಫಲಕ ಬೋಳು, ಕಪಾಟು ಬೋಳು. ಆ ವಿಭಾಗದ ಹಿರಿಯಳೊಬ್ಬಳು ಹೊಸ ವರ್ಷದ ಶುಭಾಶಯ ಹೇಳಿ ಬಾಗಿದಳು. ನಾನು ಮರುಶುಭಾಶಯ ಹೇಳುವುದನ್ನೂ ಮರೆತು "ಆ ಕಾಗದಗಳೆಲ್ಲ ಎಲ್ಲಿ?" ಎಂದೆ.

"ಪೆಟ್ಟಿಗೆಗೆ ಹಾಕಿದ್ವಲ್ಲ. ಅವತ್ತೇ ಗಾಡಿ ಬಂದು ತಗೊಂಡು ಹೋಯ್ತು" ಎಂದಳು, ಹೆಮ್ಮೆಯಿಂದ.

"ಸೂಚನೆ ಓದಿದ್ರಲ್ಲ ನೀವು?"

"ಓದಿದ್ವಿ. ಅದರಂತೆ ಯಾರೂ ಏನೂ ಎಸೆದಿಲ್ಲ. ಇದು ಓಸೋಜಿ." ಹೇಳುತ್ತಾ ಹೇಳುತ್ತಾ ಅವಳ ಮುಖ ಬಿಳಿಚಿಕೊಂಡಿತು. ಅವಳು ಸುಳ್ಳು ಹೇಳುತ್ತಿರಲಿಲ್ಲ. ಶುಚಿ ಮಾಡುವುದೂ ಎಸೆಯುವುದೇ ಎಂಬುದು ಆ ಮಹಡಿಯಲ್ಲಿ ಒಬ್ಬರ ತಲೆಗೂ ಹೊಳೆದಿರಲಿಲ್ಲ. ಕಾರ್ಖಾನೆಗೆ ಫೋನ್ ಮಾಡಿದೆವು. ಪೆಟ್ಟಿಗೆಗಳು ಬಂದ ದಿನವೇ ಕರಗಿದ್ದವು. ತಮ್ಮ ಸೇವೆಯಲ್ಲಿ ವಿಳಂಬವೆಂಬುದೇ ಇಲ್ಲ ಎಂದು ಅವರು ವಿನಯದಿಂದ ತಿಳಿಸಿದರು.

ದೂರುಗಳ ಮೂಲ ಮೇಲ್‌ಗಳು ಕಂಪ್ಯೂಟರಿನಲ್ಲಿ ಇದ್ದವು. ಇಲ್ಲದೆ ಹೋದದ್ದು ಪೆನ್ಸಿಲಿನ ಟಿಪ್ಪಣಿಗಳು. "ರದ್ದು ಮಾಡುವ ಬಟನ್ ನನಗೂ ಸಿಗಲಿಲ್ಲ", "ಇದೇ ದೂರು ಮತ್ತೆ", "ಮೇಲಿನವರಿಗೆ ಹೇಳಬೇಕು" ಎಂದೆಲ್ಲ ನಮ್ಮವರೇ ಬರೆದವು. ನಿಮಗೆ ಯಾವಾಗ ಗೊತ್ತಾಯಿತು ಎಂಬ ಪ್ರಶ್ನೆಗೆ ಉತ್ತರ ಇದ್ದದ್ದೇ ಅವುಗಳಲ್ಲಿ. ಹೊರಗಿನಿಂದ ನೋಡುವವರಿಗೆ ಇದು ಬೇಕೆಂದೇ ಮಾಡಿದ ಕೆಲಸವಾಗಿ ಕಾಣುವುದರಲ್ಲಿ ಅನುಮಾನವಿರಲಿಲ್ಲ. ವಕೀಲರಿಗೆ ಕೂಡಲೇ ವಿಷಯ ತಿಳಿಸಿದೆವು. ಅಟಾರ್ನಿ ಜನರಲ್ ಕಚೇರಿಯವರು ಕೇಳುವ ಮೊದಲೇ ನಾವು ಹೇಳಬೇಕು, ಅದಕ್ಕಾಗಿ ಕರೆ ಗೊತ್ತು ಮಾಡುತ್ತೇನೆ ಎಂದರು.

ಮರುದಿನ ಬುಚೋ ಸಭೆ ಕರೆದರು. ಬುಚೋ ಎಂದರೆ ಕಾಚೋಗಿಂತ ಮೇಲಿನ ಅಧಿಕಾರಿ. ದನಿ ಏರಿಸುವ ಮನುಷ್ಯನಲ್ಲ. ನನ್ನ ಸೂಚನೆಯ ಪ್ರತಿಯನ್ನು ಮೇಜಿನ ಮೇಲಿಟ್ಟು, ಬೆರಳಿನಿಂದ ಮೆಲ್ಲಗೆ ತಟ್ಟಿ, "ಬೇರೆ ದೇಶದವರು ಬರೆದದ್ದು. ಓದೋರಿಗೆ ಸ್ವಲ್ಪ ಅಸ್ಪಷ್ಟ ಆಗಿರಬಹುದಲ್ವಾ?" ಎಂದರು. ಸುತ್ತಲಿನ ತಲೆಗಳು ನಿಧಾನವಾಗಿ ಆಡಿದವು. ನಾನು ಕಾಚೋ ಕಡೆ ನೋಡಿದೆ. ಅವರೂ ತಲೆ ತಗ್ಗಿಸಿ ಕೂತಿದ್ದರು.

ನನಗೆ ಮೈಯೆಲ್ಲ ಉರಿದುಹೋಯಿತು. ನನ್ನ ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ ಇರುತ್ತದೆ, ಅವತ್ತು ಅದಕ್ಕೆ ಕಾರಣವೂ ಸಿಕ್ಕಿತ್ತು. ಬೆಂಗಳೂರಿನ ಕಂಪನಿಗಳಲ್ಲಿ ನಾವು ಮೊದಲು ಕಲಿಯುವ ವಿದ್ಯೆ ತಲೆ ಉಳಿಸಿಕೊಳ್ಳುವ ಮೇಲ್ ಬರೆಯುವುದು. ಮೇಜಿಗೆ ಬಂದು ಅಂಥದ್ದೊಂದು ಬರೆದೆ. ಸೂಚನೆಯ ಪ್ರತಿ, ಓದಿದ್ದೇವೆ ಎಂದ ಪ್ರತಿಯೊಬ್ಬರ ಉತ್ತರ, ಓಸೋಜಿಯ ವೇಳಾಪಟ್ಟಿ ಹೊರಡಿಸಿದ ಆಡಳಿತ ವಿಭಾಗದ ಸುತ್ತೋಲೆ, ಎಲ್ಲ ಲಗತ್ತಿಸಿ, ಬುಚೋ, ಅವರ ಮೇಲಿನವರು, ಅಮೆರಿಕದ ವಕೀಲರು, ಯಾರನ್ನೂ ಬಿಡದೆ ಪ್ರತಿ ಹಾಕಿದೆ. ಕಳಿಸುವ ಮುನ್ನ ಕಾಚೋಗೆ ತೋರಿಸಿದೆ. ಅದು ಅನುಮತಿ ಕೇಳಲು ಅಲ್ಲ, ಅವರಿಗೂ ಸ್ವಲ್ಪ ಚುಚ್ಚಲಿ ಎಂದೇ.

ಅವರು ಕೊನೆಯವರೆಗೂ ಓದಿದರು. "ಇದರಲ್ಲಿ ಇರೋದೆಲ್ಲ ನಿಜ" ಎಂದರು. "ಆದ್ರೆ ದಯವಿಟ್ಟು ಕಳಿಸಬೇಡಿ. ಆ ಕರೆಯವರೆಗೆ ಕಾಯಿರಿ."

"ಆ ಕರೆಯಲ್ಲಿ ನನ್ನ ಹೆಸರು ಹೇಳ್ತಾರಾ?"

"ಕಾಯಿರಿ" ಎಂದು ಮತ್ತೆ ಹೇಳಿ, ಬಾಗಿ, ಎದ್ದು ಹೋದರು.

ಆ ಸಂಜೆ ಮನೆಯಲ್ಲಿ ಚಪ್ಪಲಿ ಬಿಚ್ಚುವ ಮೊದಲೇ ಶುರುಮಾಡಿದೆ. ನಮ್ಮೆಜಮಾನರು ಪಲ್ಯಕ್ಕೆ ಒಗ್ಗರಣೆ ಹಾಕುತ್ತಾ ಕೇಳಿಸಿಕೊಂಡರು.

"ಬುಚೋಗೆ ಸ್ಕೇಪ್‌ಗೋಟ್ ಬೇಕು, ಸಿಕ್ಕಿದೀನಿ ನಾನು. ಕಾಚೋ ನೋಡಿದ್ರೆ ಮೇಲ್ ಕೂಡ ಕಳಿಸ್ಬೇಡ ಅಂತಾರೆ" ಎಂದೆ.

"ಅವ್ರು ಯಾವತ್ತಾದ್ರೂ ನಿನ್ನ ಕೈ ಬಿಟ್ಟಿದಾರಾ?"

"ಇಲ್ಲ. ಅದಕ್ಕೇ ಜಾಸ್ತಿ ಸಿಟ್ಟು."

"ಕಳಿಸ್ಬಿಡು ಹಂಗಾದ್ರೆ. ಎರಡು ದಿನ ಸಮಾಧಾನ ಆಗತ್ತೆ. ಆಮೇಲೆ ಪ್ಯಾಕರ್ಸ್‌ಗೆ ಫೋನ್ ಮಾಡೋಣ." ಅವರು ಇಂಥ ಹೊತ್ತಿನಲ್ಲೂ ತಮಾಷೆ ಮಾಡುತ್ತಾರೆ. ಆದರೆ ಒಗ್ಗರಣೆ ಸೀದು ಹೋದದ್ದನ್ನು ಅವರು ಗಮನಿಸಿರಲಿಲ್ಲ.

ಮೂಲೆಯಲ್ಲಿ ಹೋಂವರ್ಕ್ ಮಾಡುತ್ತಿದ್ದ ಮಗಳು ತಲೆಯೆತ್ತಿ, "ಆರ್ ವಿ ಗೋಯಿಂಗ್ ಬ್ಯಾಕ್?" ಎಂದಳು. ನಾವು ಕನ್ನಡದಲ್ಲಿ ಆಡುವುದೆಲ್ಲ ಅವಳಿಗೆ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷ್ ಬೆರೆಸಿ.

"ಯಾರು ಹೇಳಿದ್ದು ನಿಂಗೆ?"

"ನೋಬಡಿ. ಬಟ್ ಥರ್ಡ್ ಗ್ರೇಡಲ್ಲಿ ರಿಕಾರ್ಡರ್ ಕೊಡ್ತಾರೆ ಅಮ್ಮ. ಎವ್ರಿಬಡಿ ಗೆಟ್ಸ್ ಇಟ್." ಮೂರನೇ ತರಗತಿಗೆ ಹೋದ ಮಕ್ಕಳಿಗೆಲ್ಲ ಇಲ್ಲಿ ಕೊಳಲಿನಂಥ ಒಂದು ವಾದ್ಯ ಕಲಿಸುತ್ತಾರೆ. ಅವಳು ಅದಕ್ಕಾಗಿ ಒಂದು ವರ್ಷದಿಂದ ಕಾಯುತ್ತಿದ್ದಳು. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಮೇಲ್ ಕಳಿಸಲಿಲ್ಲ. ಕಾಚೋ ಮೇಲಿನ ನಂಬಿಕೆಯಿಂದಲ್ಲ, ಭಯದಿಂದ.

ಮುಂದಿನ ದಿನಗಳಲ್ಲಿ ಕಾಚೋ ತಮ್ಮ ಕುರ್ಚಿಯಲ್ಲಿ ಕೂತದ್ದೇ ಕಡಿಮೆ. ಯಾವಾಗ ನೋಡಿದರೂ ಯಾರದೋ ಮೇಜಿನ ಪಕ್ಕ ಸ್ಟೂಲ್ ಎಳೆದುಕೊಂಡು ಸಣ್ಣ ದನಿಯಲ್ಲಿ ಮಾತಾಡುತ್ತಿರುತ್ತಿದ್ದರು. ಇಲ್ಲಿ ಯಾವ ದೊಡ್ಡ ತೀರ್ಮಾನಕ್ಕೂ ಮೊದಲು ಹೀಗೆ ಒಬ್ಬೊಬ್ಬರನ್ನೇ ಕಂಡು ನೆಲ ಹದ ಮಾಡುವ ರೂಢಿಯಿದೆ. ನನ್ನ ಮೇಲೆ ಹೊರಿಸಲು ಎಲ್ಲರನ್ನೂ ಒಪ್ಪಿಸುತ್ತಿದ್ದಾರೆ ಎಂದು ನಾನು ತೀರ್ಮಾನಿಸಿಬಿಟ್ಟೆ. ಗ್ರಾಹಕ ಸೇವೆಯ ಹಿರಿಯಳು ಅವರ ಮುಂದೆ ಕಣ್ಣೊರೆಸಿಕೊಳ್ಳುತ್ತಾ ಏನೋ ಬರೆಯುವುದನ್ನು ನೋಡಿ ನನ್ನ ಅನುಮಾನ ಗಟ್ಟಿಯಾಯಿತು. ಬೆಳಗಿನ ನಮಸ್ಕಾರಕ್ಕೂ ಮುಖ ಗಂಟಿಕ್ಕಿಕೊಂಡು ಉತ್ತರ ಕೊಡುತ್ತಿದ್ದೆ. ಅವರು ಮಾತ್ರ ಎಂದಿನಂತೆ ಬಾಗುತ್ತಿದ್ದರು.

ಕರೆಯ ದಿನ ಬಂತು. ನಮಗೆ ಬೆಳಿಗ್ಗೆ, ಅವರಿಗೆ ಹಿಂದಿನ ದಿನದ ಸಂಜೆ. ಪರದೆಯ ಮೇಲೆ ಒಂದು ಚೌಕದಲ್ಲಿ ನಮ್ಮ ವಕೀಲರು, ಇನ್ನೊಂದರಲ್ಲಿ ಅಟಾರ್ನಿ ಜನರಲ್ ಕಚೇರಿಯ ಸರ್ಕಾರಿ ವಕೀಲೆ. ಚಿಕ್ಕ ವಯಸ್ಸಿನವಳು, ಕೈಯಲ್ಲಿ ಕಾಫಿಯ ದೊಡ್ಡ ಮಗ್. ಈ ಕಡೆ ಬುಚೋ, ಕಾಚೋ, ದುಭಾಷಿಯಾಗಿ ನಾನು. ಓದಬೇಕಾದ ಹೇಳಿಕೆಯನ್ನು ವಕೀಲರು ಬರೆದು ಕಳಿಸಿದ್ದರು. "ವರ್ಷಾಂತ್ಯದ ಸ್ವಚ್ಛತಾ ಪ್ರಕ್ರಿಯೆಯಲ್ಲಿ ಕೆಲವು ಕಾಗದಗಳು ಅಚಾತುರ್ಯದಿಂದ ವಿಲೇವಾರಿಯಾದವು. ಸೂಚನೆಯ ಭಾಷೆಯಲ್ಲಿ ಸ್ಪಷ್ಟತೆಯ ಕೊರತೆ ಇದ್ದಿರಬಹುದು." ಎರಡನೆಯ ವಾಕ್ಯ ಬುಚೋ ಸೇರಿಸಿದ್ದು ಎಂದು ನನಗೆ ಗೊತ್ತಿತ್ತು. ನನ್ನ ತಲೆ ಹೋಗುವ ವಾಕ್ಯವನ್ನು ನನ್ನ ಬಾಯಿಂದಲೇ ಇಂಗ್ಲಿಷಿನಲ್ಲಿ ಹೇಳಬೇಕಿತ್ತು.

ಕಾಚೋ ಮೊದಲ ವಾಕ್ಯ ಓದಿದರು. ಆಮೇಲೆ ಕಾಗದವನ್ನು ಮಡಿಚಿ ಪಕ್ಕಕ್ಕಿಟ್ಟು, ಪರದೆಯ ಕಡೆ ನೋಡುತ್ತಾ ಜಪಾನಿಯಲ್ಲಿ ಮಾತಾಡತೊಡಗಿದರು. ನಾನು ಬಾಯಿ ತೆರೆದವಳು ಹಾಗೇ ನಿಂತೆ. ಬುಚೋ ಕಣ್ಣು ಮುಚ್ಚಿಕೊಂಡರು. ಕಾಚೋ ನನ್ನ ಕಡೆ ತಿರುಗಿ, "ದಯವಿಟ್ಟು ಹೇಳಿ. ಏನನ್ನೂ ಬಿಡಬೇಡಿ" ಎಂದರು.

ನಾನು ಹೇಳಿದೆ. "ಸೂಚನೆ ಸ್ಪಷ್ಟವಾಗಿತ್ತು. ಅದರ ಭಾಷೆಯನ್ನು ತಿದ್ದಿದವನು ನಾನು. ಬರೆದವರು ಕಾಯಿಲೆಯಿಂದ ಮನೆಯಲ್ಲಿದ್ದರು. ಅವತ್ತು ಆ ಮಹಡಿಯ ಹೊಣೆ ನನ್ನದು. ಶುಚಿ ಮಾಡಲು ಶುರುಮಾಡೋಣ ಎಂದು ಎಲ್ಲರಿಗೂ ಹೇಳಿದವನು ನಾನು, ಪೆಟ್ಟಿಗೆಗಳನ್ನು ಲಿಫ್ಟಿನವರೆಗೆ ಹೊತ್ತವರಲ್ಲಿ ನಾನೂ ಒಬ್ಬ. ಮೂವತ್ತು ವರ್ಷಕ್ಕೂ ಮೀರಿ ಪ್ರತಿ ಡಿಸೆಂಬರಿನಲ್ಲಿ ಮಾಡಿದ್ದನ್ನು ಯೋಚಿಸದೆ ಮತ್ತೆ ಮಾಡಿದೆ." ಆಮೇಲೆ ಅವರು ತಮ್ಮ ಪೂರ್ತಿ ಹೆಸರು, ಹುದ್ದೆ ಹೇಳಿದರು. ದುಭಾಷಿಗೆ ಹೇಳುವವರ 'ನಾನು' ತನ್ನದೇ 'ನಾನು' ಆಗುತ್ತದೆ. ಅವರ ಹೆಸರನ್ನು ನನ್ನ ಹೆಸರಿನಂತೆಯೇ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ.

ನಮ್ಮ ವಕೀಲರ ಮುಖ ನೋಡುವ ಹಾಗಿರಲಿಲ್ಲ. ಸರ್ಕಾರಿ ವಕೀಲೆ ಮಾತ್ರ ಮಗ್ ಕೆಳಗಿಟ್ಟು ಬರೆದುಕೊಂಡಳು. "ಯಾರು ಅಂತ ಹೇಳಿದ್ದಕ್ಕೆ ಧನ್ಯವಾದ. ಅದೊಂದನ್ನ ಪತ್ತೆ ಮಾಡೋಕೇ ನಮಗೆ ಸಾಮಾನ್ಯವಾಗಿ ತಿಂಗಳುಗಟ್ಟಲೆ ಬೇಕಾಗತ್ತೆ" ಎಂದಳು. ಆಮೇಲೆ, ಹೋದ ಟಿಪ್ಪಣಿಗಳಲ್ಲಿ ಏನಿತ್ತೆಂದು ಬರೆದವರು ನೆನಪಿಸಿಕೊಂಡು ಹೇಳಲು ಸಾಧ್ಯವೇ ಎಂದು ಕೇಳಿದಳು. ಕಾಚೋ ಒಂದು ಕಡತವನ್ನು ಮುಂದಕ್ಕೆ ಸರಿಸಿದರು. ಗ್ರಾಹಕ ಸೇವೆಯ ಪ್ರತಿಯೊಬ್ಬರೂ ತಾವು ಬರೆದಿದ್ದನ್ನು, ಕಂಪನಿಗೆ ಮುಜುಗರ ತರುವಂಥದ್ದನ್ನೂ ಬಿಡದೆ, ನೆನಪಿದ್ದಷ್ಟು ಬರೆದು ಸಹಿ ಹಾಕಿದ್ದರು. ಸ್ಟೂಲ್ ಎಳೆದುಕೊಂಡು ಅವರು ಮಾಡುತ್ತಿದ್ದದ್ದು ಈ ಕೆಲಸ. ನನ್ನ ಮೇಲ್ ಹೋಗಿದ್ದರೆ ಪ್ರತಿಯೊಬ್ಬರೂ ತಮ್ಮ ತಲೆ ಉಳಿಸಿಕೊಳ್ಳಲು ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದರು. ಒಂದು ಸಾಲೂ ಸಿಗುತ್ತಿರಲಿಲ್ಲ.

ಕರೆ ಮುಗಿದಾಗ ಅವರು ಕ್ಯಾಮೆರಾದ ಮುಂದೆ ಎದ್ದು ನಿಂತು ಸೊಂಟದವರೆಗೆ ಬಾಗಿದರು. ಆ ಕಡೆಯ ಹುಡುಗಿಗೆ ಏನು ಮಾಡಬೇಕೋ ತಿಳಿಯದೆ ಅವಳೂ ಕುರ್ಚಿಯಲ್ಲೇ ಸ್ವಲ್ಪ ಬಾಗಿದಳು.

ಪ್ರಕರಣ ಆ ಆಗಸ್ಟಿನ ಹೊತ್ತಿಗೆ ರಾಜಿಯಲ್ಲಿ ಮುಗಿಯಿತು. ಆ ರಾಜ್ಯದ ಪೋಷಕರಿಗೆ ಹಣ ಹಿಂತಿರುಗಿಸುವುದು, ಸೇರುವಷ್ಟೇ ಸುಲಭವಾಗಿ ಬಿಡುವ ಬಟನ್ ಇಡುವುದು, ಕೆಲ ಕಾಲ ವರದಿ ಒಪ್ಪಿಸುವುದು, ಇಷ್ಟು. ಕಾಗದ ಕಳೆದದ್ದನ್ನು ಕಂಪನಿ ತಾನಾಗಿಯೇ ಮೊದಲು ತಿಳಿಸಿತು ಎಂದು ರಾಜಿಪತ್ರದಲ್ಲಿ ದಾಖಲಾಯಿತು. ಅಕ್ಕಪಕ್ಕದ ರಾಜ್ಯಗಳು ಸೇರಿಕೊಳ್ಳಲಿಲ್ಲ. ಈಗ ನನ್ನ ವರದಿಯಲ್ಲಿ ಅಮೆರಿಕದ ನಕ್ಷೆಯ ಜೊತೆ ನಮ್ಮ ಕಚೇರಿಯ ಕ್ಯಾಲೆಂಡರೂ ಇರುತ್ತದೆ. ಅಪಾಯ ಹೊರಗಿನಿಂದಷ್ಟೇ ಬರುತ್ತದೆ ಎಂದು ಅದಕ್ಕೆ ಮೊದಲು ನಾನೂ ನಂಬಿದ್ದೆ.

ಆದರೆ ಅದೆಲ್ಲ ಆಮೇಲಿನ ಮಾತು. ಮಾರ್ಚಿನಲ್ಲಿ ನನ್ನ ಗುತ್ತಿಗೆ ನವೀಕರಣವಾಯಿತು. ಬುಚೋ ಮೊಹರು ಒತ್ತಿದರು. ವೀಸಾಕ್ಕೆ ಅರ್ಜಿ ಹಾಕಿದೆ. ಕಾಚೋ ಎದುರು ನಿಂತು ಕ್ಷಮೆ ಕೇಳಬೇಕು, ಧನ್ಯವಾದ ಹೇಳಬೇಕು ಎಂದುಕೊಳ್ಳುತ್ತಾ ದಿನ ತಳ್ಳುತ್ತಿದ್ದೆ. ಹೇಗೂ ಇನ್ನೂ ಐದು ವರ್ಷ ಅಲ್ಲೇ ಇರುತ್ತಾರಲ್ಲ ಎಂಬ ಧೈರ್ಯ.

ತಿಂಗಳ ಕೊನೆಯ ದಿನ ಅವರ ಮೇಜಿನ ಮೇಲೆ ಹೂಗುಚ್ಛ ಕಂಡಿತು. ನಿವೃತ್ತಿಯ ಶಾಸ್ತ್ರಕ್ಕಿರಬೇಕು, ನಾಳೆ ಮತ್ತೆ ಬರುತ್ತಾರೆ ಎಂದುಕೊಂಡೆ. ಗ್ರಾಹಕ ಸೇವೆಯ ಹಿರಿಯಳು ನನ್ನನ್ನು ಪ್ಯಾಂಟ್ರಿಗೆ ಕರೆದು, "ನಿಮಗೆ ಗೊತ್ತಿಲ್ವಾ? ಮರುನೇಮಕದ ಅರ್ಜೀನ ಅವರೇ ವಾಪಸ್ ತಗೊಂಡ್ರು. ಆ ಕರೆಯ ಹಿಂದಿನ ದಿನಾನೇ" ಎಂದಳು. ಹೊಣೆ ಹೊತ್ತವರೊಬ್ಬರು ಹೊರಟರೆ ಬೇರೆ ಯಾರನ್ನೂ ಕಂಪನಿ ಕೇಳುವುದಿಲ್ಲ. ಬುಚೋ ಜೊತೆ ಅವರು ಮಾಡಿಕೊಂಡ ಒಪ್ಪಂದವೇ ಅದು ಎಂದೂ ಅವಳೇ ಹೇಳಿದಳು; ಆ ಕರೆಯಲ್ಲಿ ಬುಚೋ ತಡೆಯದೆ ಕಣ್ಣು ಮುಚ್ಚಿಕೊಂಡದ್ದು ಅದಕ್ಕೇ.

ಧನ್ಯವಾದ ಬರಬೇಕಾದ ಜಾಗದಲ್ಲಿ ನನಗೆ ಬಂದದ್ದು ಸಿಟ್ಟು. ನೇರ ಅವರ ಮೇಜಿಗೆ ಹೋಗಿ, "ನನಗೊಂದು ಮಾತು ಯಾಕೆ ಹೇಳಲಿಲ್ಲ?" ಎಂದೆ.

"ಹೇಳಿದ್ರೆ ನನ್ನನ್ನ ಉಳಿಸೋಕೆ ನೀವು ಆ ಮೇಲ್ ಕಳಿಸಿಬಿಡ್ತಿದ್ರಿ" ಎಂದರು ಕಾಚೋ, ಡ್ರಾಯರಿನಿಂದ ಟೀ ಕಪ್ ತೆಗೆದು ಪತ್ರಿಕೆಯಲ್ಲಿ ಸುತ್ತುತ್ತಾ. ಅದು ನಿಜವೇ ಆಗಿತ್ತು. ಸಂಜೆ ಎಲ್ಲರೂ ಸಾಲಾಗಿ ನಿಂತು ಚಪ್ಪಾಳೆ ತಟ್ಟಿದರು, ಲಿಫ್ಟಿನ ಬಾಗಿಲು ಮುಚ್ಚಿತು.

ವೀಸಾದ ಉತ್ತರ ಏಪ್ರಿಲ್ ದಾಟಿದರೂ ಬರಲಿಲ್ಲ, ಮೇ ದಾಟಿದರೂ ಬರಲಿಲ್ಲ. ಅರ್ಜಿ ಬಾಕಿಯಿದ್ದರೆ ಹಳೆಯ ವೀಸಾ ಮುಗಿದ ಮೇಲೂ ಎರಡು ತಿಂಗಳು ಇರಲು ಇಲ್ಲಿ ಬಿಡುತ್ತಾರೆ, ಅಷ್ಟೇ. ಜೂನಿನಲ್ಲಿ ಕೊನೆಗೂ ವಲಸೆ ಕಚೇರಿಗೆ ಬನ್ನಿ ಎಂಬ ಅಂಚೆ ಕಾರ್ಡು ಬಂತು. ಮರುದಿನ ಬೆಳಿಗ್ಗೆ ಅಲ್ಲಿಯ ಸಾಲಿನಲ್ಲಿ ನಿಂತು, ವೀಸಾದ ಹೊಸ ಅವಧಿ ಅಚ್ಚಾದ ಕಾರ್ಡು ಪಡೆದೆ. ಮನೆಗೆ ಫೋನ್ ಮಾಡಿ ಹೇಳಿದೆ. ಆಮೇಲೆ ಮನೆಗೂ ಹೋಗದೆ, ಕಚೇರಿಗೂ ಹೋಗದೆ, ವಾಕೋದ ರೈಲು ಹತ್ತಿದೆ. ದಾರಿಯುದ್ದಕ್ಕೂ ಜಪಾನಿಯಲ್ಲಿ ಹೇಳಬೇಕಾದ ಉದ್ದನೆಯ ಗೌರವದ ವಾಕ್ಯವನ್ನು ಉರುಹೊಡೆದೆ.

ಬಾಗಿಲು ತೆರೆದವರು ಅವರ ಹೆಂಡತಿ. ನಾನು ಯಾರೆಂದು ಹೇಳಿದ್ದೇ ತಡ, ಒಳಗೆ ತಿರುಗಿ ಅವರನ್ನು ಕೂಗಿದರು. ಕಾಚೋ ಮನೆಯ ಹಳೆಯ ಅಂಗಿಯಲ್ಲಿ, ಕಚೇರಿಯಲ್ಲಿ ಕಂಡದ್ದಕ್ಕಿಂತ ಸಣ್ಣವರಾಗಿ ಕಂಡರು. ಉರುಹೊಡೆದ ವಾಕ್ಯಕ್ಕೆ ನಾನು ಬಾಯಿ ತೆರೆಯುವ ಮೊದಲೇ ಅವರು, "ವೀಸಾ?" ಎಂದರು.

ನಾನು ಎಂದೂ ಹೇಳಿರಲಿಲ್ಲ. ಅವರೂ ಎಂದೂ ಕೇಳಿರಲಿಲ್ಲ. ಚೀಲದಿಂದ ಕಾರ್ಡು ತೆಗೆದುಕೊಟ್ಟೆ. ಅದನ್ನು ಎರಡೂ ಕೈಯಲ್ಲಿ ಹಿಡಿದು, ಕನ್ನಡಕ ಮೇಲೇರಿಸಿ, ಕಣ್ಣಿನ ಹತ್ತಿರ ತಂದು ಓದಿದರು.

"ಐದು ವರ್ಷ" ಎಂದೆ.

ಅವರು ಅಲ್ಲೇ ಹೊಸ್ತಿಲ ಮೆಟ್ಟಿಲ ಮೇಲೆ ಕೂತು, ಕಾರ್ಡು ಹಿಡಿದ ಕೈಯಿಂದಲೇ ಮುಖ ಮುಚ್ಚಿಕೊಂಡರು. ಭುಜಗಳು ಅಲುಗುತ್ತಿದ್ದವು. ನಾನೂ ಅವರ ಪಕ್ಕ ಕೂತು ನಾಚಿಕೆಯಿಲ್ಲದೆ ಅತ್ತೆ. ಅವರ ಹೆಂಡತಿ ನಮ್ಮಿಬ್ಬರಿಗೂ ಕಾಗದದ ಕರವಸ್ತ್ರ ತಂದುಕೊಟ್ಟು ನನ್ನ ಕಿವಿಯ ಬಳಿ ಹೇಳಿದರು: "ಏಪ್ರಿಲಿನಿಂದ ದಿನಾ ಬೆಳಿಗ್ಗೆ ನನ್ನ ಕೇಳ್ತಾ ಇದ್ರು, ಫೋನ್ ಮಾಡಿ ವಿಚಾರಿಸಿದ್ರೆ ತಪ್ಪಾಗತ್ತಾ ಅಂತ."

ಆ ಕಾರ್ಡಿಗಾಗಿ ಕಾಯುತ್ತಿದ್ದದ್ದು ನಮ್ಮ ಮನೆಯೊಂದೇ ಎಂದು ನಾನು ಅಂದುಕೊಂಡಿದ್ದೆ.